ಗಣಪ ಹೇಳಿಕೊಂಡ ಹರಕೆ

ಶನಿವಾರ ಆ ಮನೆಯಲ್ಲಿ ಉಳಿದ ದಿನಗಳಿಗಿಂತ ಅಡುಗೆ ಜಾಸ್ತಿ. ಮೀನಿಲ್ಲದ ದಿನವಾದ್ದರಿಂದ ಗಂಡಸರ ಊಟ ಸಪ್ಪೆಯಾಗಬಾರದು. ಸೌತೆಕಾಯಿ ಹುಳಿ, ಅಲಸಂಡೆ ಪಲ್ಯ, ಹಪ್ಪಳ, ಒಂದೊಂದು ವಾರ ಹೆಸರುಬೇಳೆ ಪಾಯಸ. ಅದೆಲ್ಲ ಸೊಸೆ ಶ್ರೀಲತಾ ಮಾಡಿಡುತ್ತಿದ್ದಳು. ಎಣ್ಣೆಯಲ್ಲಿ ಕರಿದ ಹೀರೆಕಾಯಿ ಪೋಡಿ ಮಾತ್ರ ಅತ್ತೆ ಜಲಜಳ ಕೈಯದ್ದೇ ಆಗಬೇಕು ಅವಳ ಗಂಡ ಗಣಪನಿಗೆ. ಉಪ್ಪುಂದದ ಮೀನು ಮಾರ್ಕೆಟಿನಲ್ಲಿ ಬೆಳಿಗ್ಗೆ ಏಳರಿಂದ ಕೂತು ಮೀನು ಮಾರಿ, ಹನ್ನೆರಡೂವರೆಗೆ ಬುಟ್ಟಿ ಇಳಿಸಿ, ಮಿಂದು, ಅವಳು ಎಣ್ಣೆ ಬಾಣಲೆಯ ಮುಂದೆ ನಿಲ್ಲುತ್ತಿದ್ದಳು. ಗಂಡನಿಗೂ ಮೊಮ್ಮಗಳಿಗೂ ಬಿಸಿಬಿಸಿ ಬಡಿಸಿ, ಪಾತ್ರೆ ತೊಳೆದು, ಕೊನೆಗೆ ಒಂದು ಲೋಟ ಕಪ್ಪು ಚಾ ಕುಡಿಯುತ್ತಿದ್ದಳು. ಅವಳಿಗೆ ಶನಿವಾರ ಒಪ್ಪೊತ್ತು. ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಒಂದೇ ಊಟ.

ಹರಕೆ ಹೇಳಿಕೊಂಡವಳು ಅವಳಲ್ಲ.

ನಾಲ್ಕು ವರ್ಷದ ಹಿಂದೆ, 2004ರ ಮಳೆಗಾಲ ಮುಗಿಯುವ ಹೊತ್ತಿಗೆ, ಅವಳ ಮಗ ಪ್ರೇಮಾನಂದ ಹೋಗಿದ್ದ ನಾಡದೋಣಿ ಅಳಿವೆಯ ಬಾಯಲ್ಲಿ ಮಗುಚಿತ್ತು. ದಡದಲ್ಲಿದ್ದ ಗಣಪ ಎರಡೂ ಕೈ ಮೇಲೆತ್ತಿ ಕೂಗಿದ್ದ: "ದೇವ್ರೇ, ನನ್ ಮಗ ಜೀವಂತ ಬರ್ಲಿ! ಅವ ಕಡ್ಲಿಗೆ ಹೋಪಷ್ಟ್ ಕಾಲ ನನ್ ಹೆಂಡ್ತಿ ಶನಿವಾರ ಒಪ್ಪೊತ್ತ್ ಮಾಡ್ತ್!" ಇಪ್ಪತ್ತು ಜನ ಕೇಳಿದ್ದರು. ಜಲಜ ಆಗ ಮಾರ್ಕೆಟಿನಲ್ಲಿ ಯಾರಿಗೋ ಮೀನು ಹೆಚ್ಚಿ ಕೊಡುತ್ತಿದ್ದಳು. ದೋಣಿ ಮಗುಚಿದ್ದು, ಮಗ ಉಳಿದದ್ದು, ತಾನು ಇನ್ನು ಶನಿವಾರ ಉಣ್ಣಬಾರದು ಎನ್ನುವುದು, ಮೂರೂ ಸುದ್ದಿ ಅವಳಿಗೆ ಒಟ್ಟಿಗೇ ತಲುಪಿದವು.

ಗಣಪ ತನ್ನ ಹೊಟ್ಟೆಯನ್ನು ಹರಕೆಗೆ ಇಡಬಹುದಿತ್ತು. ಅವನಿಗೆ ಹೊಳೆಯಲಿಲ್ಲ. ಕೇಳಿದ ಇಪ್ಪತ್ತು ಜನರಿಗೂ ಹೊಳೆಯಲಿಲ್ಲ. ಜಲಜಳಿಗೂ ಹೊಳೆಯಲಿಲ್ಲ ಎನ್ನುವುದನ್ನು ಹೇಳದೆ ಇದ್ದರೆ ಈ ಕಥೆ ಸುಳ್ಳಾಗುತ್ತದೆ.

2008ರ ನವೆಂಬರಿನ ಮೊದಲ ಶನಿವಾರ ಮಾರ್ಕೆಟಿನಲ್ಲಿ ಒಬ್ಬ ಹೆಂಗಸು ಜಲಜಳ ಬುಟ್ಟಿಯ ಮುಂದೆ ಬಗ್ಗಿ ಕೇಳಿದಳು.

"ಬಂಗ್ಡೆ ಹ್ಯಾಂಗೆ?"

"ನೂರಕ್ಕೆ ಹತ್ತ್."

"ಹನ್ನೆರಡ್ ಹಾಕಿ, ಮರ್ರೆ."

"ಹನ್ನೆರಡ್ ಬೇಕಾರೆ ಬಲೆ ತಕಂಡ್ ನೀವೇ ಹೋಯ್ನಿ ಕಡ್ಲಿಗೆ! ಗಂಡನ್ನೂ ಕರ್ಕಂಡ್ ಹೋಯ್ನಿ!"

ಪಕ್ಕದ ಬುಟ್ಟಿಯ ಪದ್ದು ನಕ್ಕು, "ಶನಿವಾರ ಜಲಜಕ್ಕನ್ ಹತ್ರ ಚೌಕಾಶಿ ಮಾಡೂಕಾಗ. ಸೋಮವಾರ ಬನ್ನಿ, ಬೇರೆಯೇ ಹೆಂಗ್ಸ್ ಇರತ್," ಎಂದಳು. ಆಚೀಚೆಯವರೂ ನಕ್ಕರು. ಜಲಜ ಪದ್ದುವಿನ ಕಡೆ ತಿರುಗಿ ಏನೋ ಬೈಯಲು ಬಾಯಿ ತೆರೆದಳು. ಮಾತು ಬರಲಿಲ್ಲ. ಹಾಗೆಯೇ ಬುಟ್ಟಿಯ ಮೇಲೆ ಬಿದ್ದಳು.

ಕುಂದಾಪುರದ ಆಸ್ಪತ್ರೆಯಲ್ಲಿ ಗ್ಲೂಕೋಸ್ ಬಾಟಲಿ ಹಾಕಿದ ಅರ್ಧ ಗಂಟೆಗೆ ಅವಳಿಗೆ ಎಚ್ಚರವಾಯಿತು. ಸಂಜೆ ಗಣಪ ಬಂದ. ಕೈಯಲ್ಲಿ ಪ್ರಸಾದ ಇತ್ತು. ತಿನ್ನಲು ಏನೂ ಇರಲಿಲ್ಲ. "ಯಾರ್ದೋ ದೃಷ್ಟಿ ಬಿದ್ದದ್ದ್," ಎಂದು ಹಣೆಗೆ ಕುಂಕುಮ ಹಚ್ಚಿ ಕಡೆಯ ಬಸ್ಸಿಗೆ ಹೊರಟುಹೋದ. ಶ್ರೀಲತಾ ಉಳಿದಳು.

ಮಾರನೆಯ ಬೆಳಿಗ್ಗೆ ಮನೆಗೆ ಕಳಿಸುವ ಮೊದಲು ನರ್ಸ್ ಬಂದು ಮಂಚದ ಪಕ್ಕ ಕೂತಳು. ಶರಣ್ಯಾ ಅಂತ, ಬ್ರಹ್ಮಾವರದ ಕಡೆಯ ಹುಡುಗಿ.

"ಅಮ್ಮಾ, ನಿನ್ನೆ ಸಕ್ಕರೆ ಕಾಯಿಲೆಯ ಮಾತ್ರೆ ಎಷ್ಟು ಗಂಟೆಗೆ ತಗೊಂಡ್ರಿ?"

"ಬೆಳಿಗ್ಗೆ ಆರಕ್ಕೆ."

"ಆಮೇಲೆ ತಿಂಡಿ?"

"ಶನಿವಾರ ತಿಂಡಿ ಇಲ್ಲೆ. ಒಪ್ಪೊತ್ತ್."

"ಮತ್ತೆ ಊಟ ಯಾವಾಗ?"

"ಸಂಜಿ ಏಳಕ್ಕೆ."

ನರ್ಸ್ ಕೈಯಲ್ಲಿದ್ದ ಚೀಟಿ ನೋಡಿದಳು. ಜಲಜಳಿಗೆ ತನ್ನದೇನೋ ತಪ್ಪು ಹಿಡಿಯುತ್ತಿದ್ದಾಳೆ ಅನ್ನಿಸಿ ಸ್ವರ ಏರಿತು. "ಊಟಕ್ ಮುಂಚೆ ಅಂದ್ ಡಾಕ್ಟ್ರೇ ಹೇಳಿರ್. ನಾನ್ ಊಟಕ್ ಮುಂಚೆನೇ ತಕಂಡದ್ದ್. ಎರಡ್ ವರ್ಷದಿಂದ ಒಂದ್ ದಿನ ತಪ್ಸ್ಲಿಲ್ಲೆ."

"ಅರ್ಧ ಗಂಟೆ ಮುಂಚೆ ಅಮ್ಮಾ. ಹದಿಮೂರು ಗಂಟೆ ಮುಂಚೆ ಅಲ್ಲ."

ಜಲಜ ಬೆರಳಲ್ಲಿ ಎಣಿಸಿ ನೋಡಿದಳು.

"ಸರಿ, ಮೊನ್ನೆ ಶುಕ್ರವಾರ ಏನೇನು ತಿಂದ್ರಿ, ಹೇಳಿ."

"ಶುಕ್ರವಾರ ಬೈಗೆ ಮೀನಿನ್ ಸಾರ್," ಎಂದು ಜಲಜ ಶುರುಮಾಡಿದಳು. "ಇವ್ರಿಗೆ ನಾಕ್ ಬೈಗೆ, ತಲೆ ತೆಗ್ದ್ ಹಾಕ್ಕ್. ಮಗನಿಗೆ ಐದ್, ಅವ ಬಲೆ ಎಳುವವ. ಮೊಮ್ಮಗಳಿಗೆ ಎರಡ್ ಹುರ್ದದ್ದ್, ಅದಕ್ಕೆ ಸಾರಿನ್ ಮೀನ್ ಆತ್ತಿಲ್ಲೆ. ಸೊಸೆಗೆ…" ಶ್ರೀಲತಾಳ ಮುಖ ನೋಡಿದಳು. "ನಿಂಗೆ ಎರಡ್ ಇದ್ದಿತ್ ಅಲ್ದಾ?"

"ಒಂದ್," ಎಂದಳು ಶ್ರೀಲತಾ.

"ಆಯ್ತು. ನಿಮಗೆ?"

ಜಲಜ ಯೋಚಿಸಿದಳು.

"ನಂಗೆ ಸಾರ್ ಇದ್ದಿತ್."

"ಅನ್ನ ಎಷ್ಟು?"

"ತಳದ್ದ್ ಇದ್ದಿತ್ ಕಾಣತ್."

ಮೂರು ತಟ್ಟೆಗಳು ಅವಳಿಗೆ ಮೀನಿನ ಮುಳ್ಳಿನ ಸಮೇತ ನೆನಪಿದ್ದವು, ಸೊಸೆಯದ್ದು ಅರ್ಧ. ಐದನೆಯದನ್ನು ಅವಳು ಎಷ್ಟು ಹುಡುಕಿದರೂ ಸಿಗಲಿಲ್ಲ.

ನರ್ಸ್ ಬೈಯಲಿಲ್ಲ. ಸಕ್ಕರೆ ಇಳಿಯುವಾಗ ಮೈ ಮೊದಲೇ ಹೇಳುತ್ತದೆ, ಅದನ್ನು ಕೇಳಿಸಿಕೊಳ್ಳಬೇಕು ಎಂದಳು. ಕೈ ನಡುಗುತ್ತದೆ, ಬೆವರುತ್ತದೆ, ಕಣ್ಣು ಮಂಜಾಗುತ್ತದೆ, ಕೋಪ ಬರುತ್ತದೆ.

"ಕೋಪ ನಂಗೆ ಹುಟ್ಟಿನಿಂದ ಇತ್ತ್. ಊರಿಗೇ ಗೊತ್ತಿತ್ತ್."

"ಹೆಚ್ಚಾಗಿ ಯಾವ ಹೊತ್ತಿಗೆ ಬರುತ್ತೆ?"

"ಕೋಪಕ್ಕೆಲ್ಲ ಹೊತ್ತಿತ್ತಾ?"

"ಹನ್ನೆರಡೂವರೆಗೆ," ಎಂದಳು ಶ್ರೀಲತಾ, ಕೇಳಿದವರು ತನ್ನನ್ನೇ ಎಂಬಂತೆ. "ಬುಟ್ಟಿ ಇಳ್ಸುವತಿಗೆ ಶುರು. ಉಂಡ್ರೆ ಎರಡ್ ಗಂಟಿಗೆ ಕಡ್ಮಿ ಆತ್ತ್. ಶನಿವಾರ ಆರೆ ಮಾರ್ಕೆಟಂಗೇ ಶುರುವಾಪುದ್, ಸಂಜಿವರೆಗೂ ಇರತ್."

ಹೇಳಿ ಮುಗಿದ ಮೇಲೆ ಅವಳಿಗೇ ಹೆದರಿಕೆಯಾಯಿತು.

ಅವರು ಉಪ್ಪುಂದದ ಬಸ್ಸು ಹತ್ತಿದರು. ತಲ್ಲೂರು ದಾಟಿತು, ಹೆಮ್ಮಾಡಿ ದಾಟಿತು. ಮರವಂತೆಯಲ್ಲಿ ಒಂದು ಕಡೆ ಕಡಲು, ಒಂದು ಕಡೆ ಹೊಳೆ ಬಂದಾಗ ಜಲಜ ಕಿಟಕಿಯಿಂದ ಮುಖ ತಿರುಗಿಸದೆ ಕೇಳಿದಳು.

"ಹನ್ನೆರಡೂವರೆ ಅಂದ್ ನಿಂಗೆ ಯಾವತ್ತಿಂದ ಗೊತ್ತಿತ್ತ್?"

"ಮದಿ ಆಯ್ ಬಂದ ವರ್ಷದಿಂದ."

"ಹದ್ನಾಕ್ ವರ್ಷ ಆಯ್ತಲೆ. ಹೇಳೂಕ್ ಎಂತ ಆಯ್ತ್?"

"ಹನ್ನೆರಡೂವರೆಗೆ ನಿಮ್ಗೆ ಎಂತಾರೂ ಹೇಳೂಕ್ ಆತ್ತಾ, ಅತ್ತೆ?"

ಮುಂದಿನ ಸೀಟಿನವರು ತಿರುಗಿ ನೋಡುವಷ್ಟು ಜೋರಾಗಿ ಜಲಜ ನಕ್ಕಳು.

ಅದೇ ಸಂಜೆ ಜಗಲಿಯಲ್ಲಿ, ಇನ್ನು ಒಪ್ಪೊತ್ತು ಮಾಡಬಾರದಂತೆ ಎಂಬ ಮಾತು ಬಂತು. ಗಣಪ ಕುರ್ಚಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅವನು ಕಡಲಿಗೆ ಹೋಗುವುದು ಬಿಟ್ಟು ಎಂಟು ವರ್ಷವಾಗಿತ್ತು; ಈಗ ದೇವಸ್ಥಾನದ ಸಮಿತಿಯಲ್ಲಿ ಇದ್ದ, ನಾಲ್ಕು ಜನ ಮಾತು ಕೇಳುತ್ತಿದ್ದರು.

"ಡಾಕ್ಟ್ರ್ ಹಾಂಗ್ ಹೇಳೂದೇ. ಅವ್ರಿಗೆ ಹರ್ಕಿ ಎಂತ ಗೊತ್ತಿತ್ತ್? ನಾಕ್ ಜನರ್ ಎದ್ರಿಗೆ ಹೇಳ್ಕಂಡದ್ದ್ ಬಿಡೂಕ್ ಆತ್ತಿಲ್ಲೆ. ನಿಂಗೆ ಎಡಿತಿಲ್ಲೆ ಅಂದ್ರೆ ಮನೆಯಂಗೆ ಬೇರೆಯವ್ರ್ ಹಿಡೀಕ್. ಶ್ರೀಲತಾ ಹಿಡಿಲಿ."

ಶ್ರೀಲತಾ ಒಳಗಿನಿಂದಲೇ ಹೇಳಿದಳು. "ನಾನ್ ಹಿಡೂದಿಲ್ಲೆ, ಮಾವ."

ಆ ಮನೆಯಲ್ಲಿ ಅಷ್ಟು ಚಿಕ್ಕ ಮಾತನ್ನು ಯಾರೂ ಗಣಪನಿಗೆ ಹೇಳಿರಲಿಲ್ಲ. ಮೊದಲು ಸಿಟ್ಟು ಬಂದದ್ದು ಜಲಜಳಿಗೇ.

"ಎಂತ ಹೆಣೆ, ನಿನ್ ಗಂಡನ್ ಜೀವ ಅಲ್ದಾ?"

"ಜೀವ ಅವ್ರದ್ದೇ, ಅತ್ತೆ. ಹೊಟ್ಟೆ ನಂದ್."

ಪ್ರೇಮಾನಂದ ಮೆಟ್ಟಿಲಲ್ಲಿ ಕೂತು ಬಲೆಯ ಹರಿದ ಕಣ್ಣು ಹೊಲಿಯುತ್ತಿದ್ದ. ತನ್ನ ಜೀವದ ವಿಚಾರ ಮಾತಾಡುತ್ತಿದ್ದಾರೆ ಎಂಬ ಅರಿವೇ ಇಲ್ಲದವನ ಹಾಗೆ ಹೊಲಿಯುತ್ತಲೇ ಇದ್ದ.

ಗಣಪ ಎಲೆ ಬಾಯಿಗೆ ಹಾಕಿದ. "ಇಪ್ಲಿ. ನಾನ್ ಎಂತಾರೂ ವ್ಯವಸ್ಥೆ ಮಾಡ್ತೆ," ಎಂದ.

ಸೋಮವಾರದಿಂದ ಶ್ರೀಲತಾ ಒಂದು ಡಬ್ಬಿಯಲ್ಲಿ ಮೂರು ಉದ್ದಿನ ದೋಸೆ ಕಟ್ಟಿ ಅತ್ತೆಯ ಬುಟ್ಟಿಯ ಬದಿಗಿಟ್ಟಳು. ಜಲಜ ಬೇಡವೆಂದಳು. ಬುಟ್ಟಿ ಖಾಲಿಯಾಗುವ ಮುಂಚೆ ಮಾರುವವಳು ಬಾಯಿಗೆ ಹಾಕಿಕೊಂಡರೆ ವ್ಯಾಪಾರ ನಿಲ್ಲುತ್ತದೆ ಎಂದು ಮಾರ್ಕೆಟಿನಲ್ಲಿ ಎಲ್ಲರೂ ನಂಬಿದ್ದರು. ಹಾಗೆ ನಂಬಿದ ಹದಿನೆಂಟು ಹೆಂಗಸರು ಅಲ್ಲಿ ದಿನವೂ ಖಾಲಿ ಹೊಟ್ಟೆಯಲ್ಲಿ ಊರಿಗೆಲ್ಲ ಪದಾರ್ಥಕ್ಕೆ ಮೀನು ಕೊಡುತ್ತಿದ್ದರು. ಒಂಬತ್ತು ಗಂಟೆಗೆ ಜಲಜ ರಸ್ತೆಗೆ ಬೆನ್ನು ಹಾಕಿ, ಸೆರಗು ಅಡ್ಡ ಹಿಡಿದು, ಕದ್ದವಳ ಹಾಗೆ ದೋಸೆ ತಿಂದಳು.

"ಎಂತ ಜಲಜಕ್ಕ, ಮದಿ ಹೆಣ್ಣಿನಾಂಗೆ ಡಬ್ಬಿ ತಂದದ್ದ್!" ಎಂದಳು ಪದ್ದು.

"ನಿಂಗೆ ಬೇಕಾ?"

"ನಂಗೆಂತಕ್?" ಎಂದ ಪದ್ದು ಡಬ್ಬಿಯ ಮೇಲಿಂದ ಕಣ್ಣು ತೆಗೆಯಲಿಲ್ಲ. ಜಲಜ ಒಂದು ದೋಸೆ ಮಡಿಸಿ ಅವಳ ತಕ್ಕಡಿಯ ತಟ್ಟೆಯಲ್ಲಿ ಇಟ್ಟಳು. ಅಂದು ವ್ಯಾಪಾರ ಇಬ್ಬರದ್ದೂ ಉಳಿದ ದಿನದ ಹಾಗೆಯೇ ಆಯಿತು.

ಗುರುವಾರ ಹನ್ನೆರಡೂವರೆಗೆ ಜಲಜ ಬುಟ್ಟಿ ಇಳಿಸಿದಳು. ಶ್ರೀಲತಾ ಅಡುಗೆಮನೆಯ ಬಾಗಿಲಲ್ಲಿ ಕಾದು ನಿಂತಳು. ಅಂಗಳದಲ್ಲಿ ಬಿದ್ದ ಗರಿ ತೆಗೆಯಲಿಲ್ಲ ಎಂದು ಬೈಗುಳ ಬರಬೇಕಿತ್ತು. ಕೊಡಪಾನದಲ್ಲಿ ನೀರಿಲ್ಲ ಎಂದು ಬರಬೇಕಿತ್ತು. ಜಲಜ ಮೆಟ್ಟಿಲ ಮೇಲೆ ಕೂತೇ ಇದ್ದಳು. ತನ್ನ ಕೈಗಳನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡಳು.

"ಎಂತ ಆಯ್ತ್, ಅತ್ತೆ?"

"ಎಂತೂ ಆಗ್ಲಿಲ್ಲೆ. ಅದನ್ನೇ ಕಾಣ್ತಿದ್ದೆ."

ಸ್ವಲ್ಪ ಹೊತ್ತಿನ ಮೇಲೆ ಒಳಗೆ ಬಂದು, ತೆಂಗಿನಕಾಯಿ ತುರಿಯುತ್ತಿದ್ದ ಸೊಸೆಯ ಎದುರು ಗೋಡೆಗೆ ಒರಗಿ ನಿಂತಳು.

"ನಿನ್ ಅಬ್ಬಿ ಕಡೇ ಸರ್ತಿ ಬಂದದ್ದ್ ಯಾವ ವಾರ?"

ಶ್ರೀಲತಾಳ ಕೈ ನಿಲ್ಲಲಿಲ್ಲ. "ಶನಿವಾರ."

ಶ್ರೀಲತಾಳ ತಾಯಿ ಮೂರು ವರ್ಷದ ಹಿಂದೆ ಒಂದು ಮಧ್ಯಾಹ್ನ ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡು ಮಗಳ ಮನೆಗೆ ಬಂದಿದ್ದಳು. ಬಾಣಲೆಯ ಮುಂದೆ ನಿಂತಿದ್ದ ಜಲಜ, "ಉಂಬು ಹೊತ್ತಿಗೆ ಸಮಾ ಬಂದ್ರಿ," ಎಂದಿದ್ದಳು. ಅವಳು ಹಪ್ಪಳ ಇಟ್ಟು, ನೀರೂ ಕುಡಿಯದೆ, ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು. ಮತ್ತೆ ಆ ಮನೆಗೆ ಬರಲಿಲ್ಲ. ಈ ಆಷಾಢದಲ್ಲಿ ತೀರಿಕೊಂಡಳು.

"ನಂಗೆ ಹಸ್ದಿತ್ತ್, ಹೆಣೆ," ಎಂದಳು ಜಲಜ. "ನಂಗೇ ಗೊತ್ತಾಗ್ಲಿಲ್ಲೆ. ನಾನ್ ಅದನ್ನ ಕೋಪ ಅಂದ್ಕಂಡಿದ್ದೆ."

ಶ್ರೀಲತಾ ಕಾಯಿ ಕಡಿಯ ಕಪ್ಪು ಚಿಪ್ಪು ಕಾಣುವವರೆಗೂ ತುರಿದಳು. ಪರವಾಗಿಲ್ಲ ಎಂದು ಅವಳು ಹೇಳಲಿಲ್ಲ. ಹೇಳಲು ಆ ನೋವು ಅವಳೊಬ್ಬಳದ್ದಾಗಿರಲಿಲ್ಲ.

ಎರಡನೆಯ ಶನಿವಾರ ಜಲಜ ಬೆಳಿಗ್ಗೆ ಗಂಜಿ ಉಂಡಳು. ಒಂದೊಂದು ತುತ್ತಿಗೂ ಕಡಲಿನ ಕಡೆ ಕಿವಿ ಹೋಗುತ್ತಿತ್ತು. ಗಣಪ ನೋಡಿದ; ಅಡ್ಡಿ ಮಾಡಲಿಲ್ಲ.

"ಹರ್ಕಿ ಎಂತ ಮಾಡ್ರಿ?" ಎಂದು ಅವಳೇ ಕೇಳಿದಳು.

"ವ್ಯವಸ್ಥೆ ಆಯ್ತ್ ಅಂದೆ ಅಲ್ದಾ. ನೀ ಉಣ್."

ಭಟ್ಟರ ಹತ್ತಿರ ಹೇಳಿ ಏನೋ ಪೂಜೆ ಕೊಟ್ಟಿರಬೇಕು ಎಂದುಕೊಂಡಳು. ಸಂಜೆ ದೋಣಿ ಬಂತು. ಮೂರನೆಯ ಶನಿವಾರವೂ ಉಂಡಳು, ದೋಣಿ ಬಂತು. ಗಣಪನ ಬಗ್ಗೆ ಅವಳಿಗೆ ಸ್ವಲ್ಪ ಮೆಚ್ಚುಗೆಯೂ ಹುಟ್ಟಿತು. ಆ ಎರಡು ಶನಿವಾರ ಅವನು ಪೋಡಿ ಎರಡೆರಡು ಸಲ ಕೇಳಿ ಹಾಕಿಸಿಕೊಂಡದ್ದನ್ನು ಅವಳು ಗಮನಿಸಿದರೂ, ಗಂಡಸಿಗೆ ಹಸಿವಾದರೆ ಹಾಕಬೇಕು ಎಂದು ಅವಳ ಕೈ ಕಲಿತುಹೋಗಿತ್ತು.

ಮೊಮ್ಮಗಳು ದೀಕ್ಷಾಗೆ ಹದಿಮೂರು, ಎಂಟನೆಯ ಕ್ಲಾಸು. ಶನಿವಾರ ಅರ್ಧ ದಿನ ಶಾಲೆ. ಈಚೆಗೆ ಶನಿವಾರ ಬೆಳಿಗ್ಗೆ ಹೊಟ್ಟೆನೋವು ಎಂದು ತಿಂಡಿ ಬಿಟ್ಟು ಹೋಗುತ್ತಿದ್ದಳು. ಮಧ್ಯಾಹ್ನ, "ಅಜ್ಜನೊಟ್ಟಿಗೆ ಜಗ್ಲಿಯಂಗೆ ಉಣ್ತೆ," ಎಂದು ತಟ್ಟೆ ಹಿಡಿದುಕೊಂಡು ಹೊರಗೆ ಹೋಗುತ್ತಿದ್ದಳು. ತಟ್ಟೆ ಖಾಲಿಯಾಗಿ ಬರುತ್ತಿತ್ತು.

ನಾಲ್ಕನೆಯ ಶನಿವಾರ ಮೂರು ಗಂಟೆಗೆ ಅಡುಗೆಮನೆಯಲ್ಲಿ ಗಲಾಟೆ ಕೇಳಿ ಜಲಜ ಎದ್ದು ಬಂದಳು. ಶ್ರೀಲತಾ ಮಗಳ ತಲೆ ಬಾಚಲು ಕರೆದಿದ್ದಳು, ಅಷ್ಟೆ.

"ಮುಟ್ಬೇಡ ಅಂದೆ ಅಲ್ದಾ! ನಿಂಗೆ ಎಂತ ಗೊತ್ತಿತ್ತ್? ಈ ಮನೆಯಂಗೆ ಯಾರಿಗೂ ಎಂತೂ ಗೊತ್ತಿಲ್ಲೆ!" ಹುಡುಗಿ ಬಾಚಣಿಗೆಯನ್ನು ಕಸಿದು ಎಸೆದಳು.

ಜಲಜ ಬಾಗಿಲಲ್ಲೇ ನಿಂತುಬಿಟ್ಟಳು. ಆ ಸ್ವರ ಅವಳಿಗೆ ಗೊತ್ತು; ಮದುವೆಯಾದಂದಿನಿಂದ ಮೂವತ್ತೆಂಟು ವರ್ಷ ಅದು ಅವಳ ಗಂಟಲಿನಿಂದಲೇ ಬಂದದ್ದು. ಹುಡುಗಿಯ ಮೇಲ್ತುಟಿಯ ಮೇಲೆ ಬೆವರು ಕೂತಿತ್ತು. ಅವಳ ಕೈ ಹಿಡಿದು ನೋಡಿದಳು. ಬೆರಳು ಥರಥರ ಅನ್ನುತ್ತಿತ್ತು.

"ಹೆಣೆ, ಇವತ್ತ್ ಎಂತ ತಿಂದಿ?"

"ಅನ್ನ, ಹುಳಿ, ಪೋಡಿ."

"ಎಷ್ಟ್ ಪೋಡಿ?"

ಹುಡುಗಿ ಬಾಗಿಲಾಚೆ ಜಗಲಿಯ ಕಡೆ ನೋಡಿದಳು.

"ಯಾರ್ ತಿಂದದ್ದ್?"

ದೀಕ್ಷಾಳ ಬಾಯಿ ಸೊಟ್ಟಗಾಯಿತು. "ಅಜ್ಜ," ಎಂದು ಅಳತೊಡಗಿದಳು.

ಒಂದೊಂದಾಗಿ ಹೊರಗೆ ಬಂತು. ಅಬ್ಬಿ ಹಿಡಿಯುವುದಿಲ್ಲ ಎಂದಳು, ಅಜ್ಜಿಗೆ ಆಗುವುದಿಲ್ಲ, ಯಾರೂ ಹಿಡಿಯದಿದ್ದರೆ ಅಪ್ಪಯ್ಯನಿಗೆ ಏನಾದರೂ ಆದರೆ ನೀನೇ ನೋಡಿಕೊ ಎಂದು ಅಜ್ಜ ಹೇಳಿದ್ದರು. ಯಾರಿಗೂ ಹೇಳಬಾರದು ಎಂದಿದ್ದರು. ತಟ್ಟೆ ಖಾಲಿ ಮಾಡುವ ಕೆಲಸ ಅವರು ನೋಡಿಕೊಂಡಿದ್ದರು. ಮೂರು ಶನಿವಾರ ಅವರು ತಮ್ಮ ಪಾಲಿನದ್ದನ್ನೂ ಮೊಮ್ಮಗಳ ಪಾಲಿನದ್ದನ್ನೂ ಉಂಡು, ಬಾಯಿ ಮುಕ್ಕಳಿಸಿ, ಕುರ್ಚಿಯಲ್ಲಿ ನಿದ್ದೆ ಮಾಡಿದ್ದರು.

ಶ್ರೀಲತಾ ಬೆಲ್ಲ ಕದಡಿದ ನೀರು ತಂದಳು. ಹುಡುಗಿ ತುಟಿ ಬಿಗಿಹಿಡಿದಳು.

"ಕುಡಿ ಮಗಾ."

"ದೀಪ ಹಚ್ಲಿಲ್ಲೆ."

"ನಾನ್ ಹೇಳ್ತೆ ಅಲ್ದಾ, ಕುಡಿ."

"ಅಪ್ಪಯ್ಯ ಕಡ್ಲಂಗಿತ್ರ್, ಅಜ್ಜಿ! ಈಗ ಕುಡ್ದ್ರೆ…"

ಬಲವಂತ ಮಾಡಿದರೂ ಬಾಯಿ ತೆರೆಯಲಿಲ್ಲ. ಇಬ್ಬರು ಹೆಂಗಸರು ಆ ಮಗುವಿನ ಎದುರು ಲೋಟ ಹಿಡಿದುಕೊಂಡು ಕೂತರು. ಗಡಿಯಾರದಲ್ಲಿ ಮೂರೂವರೆಯಾಯಿತು, ನಾಲ್ಕಾಯಿತು. ನಾಲ್ಕೂಕಾಲಿಗೆ ಗೇಟಿನ ಸದ್ದಾಯಿತು. ಉಪ್ಪುನೀರಲ್ಲಿ ನೆನೆದ ಲುಂಗಿಯಲ್ಲಿ ಅಪ್ಪ ಅಂಗಳ ದಾಟುವುದನ್ನು ಕಣ್ಣಾರೆ ನೋಡಿದ ಮೇಲೆ ದೀಕ್ಷಾ ಲೋಟಕ್ಕೆ ಕೈಚಾಚಿದಳು.

ಜಲಜ ಎದ್ದು ಜಗಲಿಗೆ ಹೋದಳು.

"ಹ್ವಾಯ್, ಏಳಿ."

ಗಣಪ ಕಣ್ಣು ತೆರೆದ.

"ಮಗುವಿನ ಪಾಲಿನ ಪೋಡಿ ರುಚಿ ಇದ್ದಿತ್ತಾ?"

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಆಮೇಲೆ ನೆಟ್ಟಗೆ ಕೂತ. "ಮೆಲ್ಲ ಮಾತಾಡ್. ಬೇಲಿಯಾಚೆ ಜನ ಇತ್ರ್. ಹೆಣ್ಣ್ ಮಕ್ಕಳ್ ಒಂದ್ ವ್ರತ ಹಿಡಿದ್ರೆ ಒಳ್ಳೇದೇ. ಮುಂದೆ ಒಳ್ಳೆ ಮನೆ ಸಿಕ್ತ್."

"ಈ ಮನೆಯಾಂಗಿದ್ದದ್ದಾ?"

"ಹೇಳ್ಕಂಡ ಹರ್ಕಿ ಯಾರಾರೂ ತೀರ್ಸ್ಕಲೆ?"

"ಹೇಳ್ಕಂಡದ್ದ್ ಯಾರ್? ಬಾಯಿ ಯಾರ್ದ್? ನೀವೇ ತೀರ್ಸಿ."

"ನಂಗೆ ಗ್ಯಾಸ್ಟ್ರಿಕ್ ಇತ್ತ್ ಅಂದ್ ನಿಂಗೆ ಗೊತ್ತಿಲ್ಲ್ಯಾ!"

ಪ್ರೇಮಾನಂದ ಕಾಲು ತೊಳೆಯುತ್ತಿದ್ದವನು ಚೆಂಬು ಹಿಡಿದುಕೊಂಡೇ ಬಂದು ನಿಂತಿದ್ದ. ಗಣಪ ಅವನ ಕಡೆ ತಿರುಗಿದ. "ಕಾಣ್ ಮಗಾ, ನಿನ್ ಜೀವಕ್ಕಾಯ್ ನಾನ್ ಹೇಳ್ಕಂಡದ್ದ್. ಅವತ್ತ್ ನಾನ್ ಹೇಳ್ಕಣದಿದ್ರೆ ನೀ ಇವತ್ತ್ ಎಲ್ಲಿರ್ತಿದ್ದಿ? ನಿನ್ ಅಬ್ಬಿಗೆ ಹೇಳ್."

"ನಾನೇ ಹಿಡಿತೆ," ಎಂದ ಪ್ರೇಮಾನಂದ ಮೆಲ್ಲಗೆ.

"ಹುಚ್ಚಾ ನಿಂಗೆ? ಬಲೆ ಎಳೂಕೆ ಹೊಟ್ಟೆಯಂಗೆ ಅನ್ನ ಬೇಡ್ದಾ? ತಲೆ ತಿರ್ಗಿ ಬಿದ್ರೆ?"

ಆ ಮಾತನ್ನು ಆಡಿದ ಗಣಪನಿಗೇ ಅದು ಕೇಳಿಸಿತೋ ಇಲ್ಲವೋ. ಜಲಜ ಅವನ ಹತ್ತಿರ ಹೋಗಿ ಬಗ್ಗಿ ನೋಡಿದಳು, ಕಣ್ಣು ಕಾಣದವರ ಮುಖ ನೋಡುವ ಹಾಗೆ.

"ನನ್ ಬುಟ್ಟಿ ಎಂತ ಗಾಳಿಯಂಗೆ ಹೋತಾ? ಮೂವತ್ತ್ ಕಿಲೋ ತಲೆ ಮೇಲೆ ಹೊತ್ಕಂಡ್ ಹೋಪತಿಗೆ ನಂಗೆ ಅನ್ನ ಬೇಡ್ದಾ? ನಾನ್ ತಲೆ ತಿರ್ಗಿ ಬಿದ್ದೆ ಅಲೆ, ಮಾರ್ಕೆಟ್ ನಡುವಿಗೆ, ಮೀನಿನ ಮೇಲೆ! ಆಗ ನೀವ್ ದೃಷ್ಟಿ ಅಂದ್ರಿ!"

"ಜಲಜ…"

"ನಾನ್ ಉಂಡದ್ದಕ್ಕೆ ದೋಣಿ ಮುಳ್ಗುದಾರೆ, ಮೂರ್ ಶನಿವಾರ ಉಂಡಿದ್ದೆ, ಮುಳ್ಗ್ಕಿತ್ತ್. ಮಗು ಉಪಾಸ ಇದ್ದದ್ದಕ್ಕೆ ಉಳೀತಾ? ಹಾಂಗಾರೆ ಹದ್ಮೂರ್ ವರ್ಷದ ಹುಡ್ಗಿ ಹೊಟ್ಟೆ ಸುಟ್ಕಂಡ್ ತಿಂಬು ದೇವ್ರ್ ಯಾವ್ದ್, ನಂಗೆ ತೋರ್ಸಿ. ನಾನ್ ಅವ್ನತ್ರವೇ ಕೇಣ್ತೆ."

ಬೇಲಿಯಾಚೆ ಯಾರೋ ಕೆಮ್ಮಿದರು. ಗಣಪ ಎದ್ದು ಅಂಗಿ ಹಾಕಿಕೊಂಡು ಹೊರಗೆ ಹೋದ.

ಪ್ರೇಮಾನಂದ ಚೆಂಬನ್ನು ಕೆಳಗಿಟ್ಟ. "ನಾಕ್ ವರ್ಷ ಆಯ್ತ್," ಎಂದ. "ಒಂದ್ ಶನಿವಾರವೂ ನಾನ್ ಕೇಣ್ಲಿಲ್ಲೆ, ಅಬ್ಬಿ ಉಂಡ್ತಾ ಅಂದ್."

"ಈಗ ಕೇಂಡದ್ದಕ್ಕೆ ಹಾರ ಹಾಕ್ಕಾ?" ಎಂದಳು ಶ್ರೀಲತಾ ಬಾಗಿಲಿನಿಂದ.

ಆ ವಾರ ಗಣಪ ಬಡಿಸಿದ್ದನ್ನು ಉಣ್ಣುತ್ತಿದ್ದ, ಏಳುತ್ತಿದ್ದ. ಬುಧವಾರ ಬಂಗಡೆ ಸಾರಾದಾಗ ಶ್ರೀಲತಾ ಮೀನನ್ನು ಮೊದಲೇ ಐದು ಬಟ್ಟಲಲ್ಲಿ ಹಾಕಿಟ್ಟಳು, ಎಲ್ಲದರಲ್ಲೂ ಎರಡೆರಡು. ಗಣಪ ತನ್ನ ಬಟ್ಟಲು ನೋಡಿ ಸೊಸೆಯ ಮುಖ ನೋಡಿದ. ಅವಳು ದೀಕ್ಷಾಗೆ ಮುಳ್ಳು ಬಿಡಿಸಿ ಕೊಡುತ್ತಿದ್ದಳು. ದೀಕ್ಷಾ ವಾರವಿಡೀ ಚೆನ್ನಾಗಿ ತಿಂದಳು. ಶುಕ್ರವಾರ ರಾತ್ರಿ ಮಾತ್ರ, "ನಾಳೆ ಅಪ್ಪಯ್ಯ ಹೋಪುದ್ ಬೇಡ," ಎಂದಳು. ಆದರೆ ದೋಣಿಯಲ್ಲಿ ಇಪ್ಪತ್ತೈದು ಜನರ ಕೆಲಸ. ಒಬ್ಬ ಬಿಡುವ ಹಾಗಿರಲಿಲ್ಲ. ಬೆಳಗಿನ ಜಾವ ಅವನು ಹೋದ.

ಅಂದು ಜಲಜ ಮಾರ್ಕೆಟಿನಿಂದ ಬೇಗ ಬಂದಳು. ಶನಿವಾರದ ಮೇಲಾಗಲಿ ದೇವರ ಮೇಲಾಗಲಿ ಅವಳಿಗೆ ಸಿಟ್ಟಿರಲಿಲ್ಲ. ಮಿಂದು ದೇವರಿಗೆ ಹೂ ಇಟ್ಟಳು. ಒಲೆಯ ಮೇಲೆ ಕುಚ್ಚಲಕ್ಕಿ ಅನ್ನ, ಬಸಳೆ ಹುಳಿ, ಹೆಸರುಕಾಳಿನ ಪಲ್ಯ ಇತ್ತು. ಬಾಣಲೆ ಮೊಳೆಯಲ್ಲೇ ನೇತಾಡುತ್ತಿತ್ತು. ಹನ್ನೆರಡೂಮುಕ್ಕಾಲಿಗೆ ಅವಳು ಅಡುಗೆಮನೆಯ ನೆಲದ ಮೇಲೆ ಮೂರು ತಟ್ಟೆ ಹಾಕಿದಳು. ತಾನೊಂದರ ಮುಂದೆ ಕೂತಳು.

"ಬನ್ನಿ, ಉಂಬ."

ಶ್ರೀಲತಾ ಬಡಿಸಿ ಕೂತಳು. ದೀಕ್ಷಾ ಕೂತಳು, ಕೈ ಮಡಿಲಲ್ಲೇ ಇತ್ತು. ಬೆಳಿಗ್ಗೆಯಿಂದ ಪಡುಗಾಳಿ ಬೀಸುತ್ತಿತ್ತು. ಹಿತ್ತಿಲ ಗಾಳಿಮರಗಳು ಒಂದೇ ಸಮ ಸದ್ದು ಮಾಡುತ್ತಿದ್ದವು.

"ಗಾಳಿ ಇತ್ತ್, ಅಜ್ಜಿ."

"ಇತ್ತ್."

"ಅವತ್ತೂ ಗಾಳಿ ಇದ್ದಿತ್ ಅಂಬ್ರ್."

"ಇದ್ದಿತ್."

"ಅಜ್ಜ ಹರ್ಕಿ ಹೇಳ್ಕಂಡದ್ದಕ್ಕೇ ಅಪ್ಪಯ್ಯ ಬಂದದ್ದ್ ಅಲ್ದಾ?"

ಜಲಜ ಹುಳಿಯನ್ನು ಅನ್ನಕ್ಕೆ ಕಲಸುತ್ತಿದ್ದಳು. ಈ ಪ್ರಶ್ನೆಯನ್ನು ನಾಲ್ಕು ವರ್ಷ ಅವಳೂ ಒಳಗೇ ಇಟ್ಟುಕೊಂಡಿದ್ದಳು, ಉತ್ತರ ಬರದಂತೆ ಬಾಯಿ ಕಟ್ಟಿ.

"ನಿನ್ ಅಪ್ಪಯ್ಯಂಗೆ ಏಳ್ ವರ್ಷ ಆಪತಿಗೆ ನಾನೇ ಹೊಳಿಯಂಗೆ ಈಜೂಕೆ ಕಲ್ಸಿದ್ದ್," ಎಂದಳು. "ಅವತ್ತ್ ಅವ ಈಜ್ಕಂಡ್ ಬಂದದ್ದ್. ಬೆಳಿಗ್ಗೆ ಎರಡ್ ಬಟ್ಲ್ ಗಂಜಿ ಉಂಡ್ ಹೋಯಿದ್ದ, ಅದಕ್ಕೆ ಕೈ ಸೋಲ್ಲಿಲ್ಲೆ."

ಹೇಳಿ, ಮೊದಲ ತುತ್ತನ್ನು ಎತ್ತಿದಳು. ಬಾಯಿಯ ಹತ್ತಿರ ಕೈ ನಿಂತಿತು. ಗಾಳಿಮರದ ಸದ್ದು ಏರಿತು. ಮೊಮ್ಮಗಳು ನೋಡುತ್ತಿದ್ದಳು. ಜಲಜ ತುತ್ತು ಬಾಯಿಗಿಟ್ಟಳು, ಅಗಿದಳು, ನುಂಗಿದಳು. ದೀಕ್ಷಾ ಅಜ್ಜಿಯ ಗಂಟಲನ್ನೇ ನೋಡಿ, ಒಂದು ಅಗಳು, ಆಮೇಲೆ ಇನ್ನಷ್ಟು ಅನ್ನ ಬಾಯಿಗೆ ಹಾಕಿಕೊಂಡಳು.

ಜಗಲಿಯಿಂದ ಗಣಪನ ಸ್ವರ ಬಂತು. "ಹ್ವಾಯ್! ಒಂದ್ ಗಂಟಿ ಆಯ್ತ್. ನಂಗೆ ಬಡ್ಸೂದಿಲ್ಲ್ಯಾ?"

"ನಮ್ ಕೈ ಎಂಜ್ಲ್ ಆಯ್ತ್," ಎಂದಳು ಜಲಜ, ಏಳದೆ. "ಪಾತ್ರಿಯಂಗೆ ಇತ್ತ್. ಇವತ್ತ್ ನೀವ್ ಉಂಬುದಾರೆ ಬಂದ್ ಬಡ್ಸ್ಕಣಿ. ಹರ್ಕಿ ತೀರ್ಸುದಾರೆ ದೀಪ ಹಚ್ಚುವರೆಗೆ ಕೂಕಣಿ. ಎರಡ್ರಂಗೆ ಯಾವ್ದಾರೂ ನಂಗೆ ಅಡ್ಡಿಲ್ಲೆ."

ಕುರ್ಚಿ ಸರಿದ ಸದ್ದಾಯಿತು. ಗಣಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಮೂವರು ಹೆಂಗಸರು ನೆಲದ ಮೇಲೆ ಕೂತು ಉಣ್ಣುವುದನ್ನು ಅವನು ಹಿಂದೆ ನೋಡಿರಲಿಲ್ಲ. ಅವರು ಉಣ್ಣುವ ಹೊತ್ತಿಗೆ ಅವನು ಮಲಗಿರುತ್ತಿದ್ದ. ಒಳಗೆ ಕಾಲಿಡಲಿಲ್ಲ, ಹಿಂದಕ್ಕೂ ಹೋಗಲಿಲ್ಲ. ದಾರಂದಕ್ಕೆ ಕೈ ಊರಿ ನಿಂತೇ ಇದ್ದ.

ಜಲಜ ತಟ್ಟೆಯನ್ನು ಸೊಸೆಯ ಕಡೆ ಸರಿಸಿದಳು.

"ಇನ್ನೊಂದ್ ಸಟ್ಗ ಅನ್ನ ಹಾಕ್, ಶ್ರೀಲತಾ."

ಮದುವೆಯಾಗಿ ಆ ಮನೆಗೆ ಬಂದ ಮೇಲೆ ಜಲಜ ಬಾಯಿಬಿಟ್ಟು ಅನ್ನ ಕೇಳಿದ್ದು ಅದೇ ಮೊದಲು. ಶ್ರೀಲತಾ ಎಡಗೈಯಲ್ಲಿ ಸಟ್ಟುಗ ಹಿಡಿದು, ತಳದ್ದನ್ನು ಬಿಟ್ಟು, ನಡುವಿನಿಂದ ತೆಗೆದು ಹಾಕಿದಳು.